ಪವಿತ್ರ ಗುರುವಾರದ ರಾತ್ರಿ, ಚಿಕ್ಕಮ್ಮನ ಜೊತೆ

ಶುಭ ಶುಕ್ರವಾರದ ಹಿಂದಿನ ದಿನ ಪವಿತ್ರ ಗುರುವಾರ. ಆ ಸಂಜೆ ಬಲಿಪೂಜೆ ಮುಗಿದ ಮೇಲೆ ಕಥೋಲಿಕ ಚರ್ಚುಗಳಲ್ಲಿ ಪರಮಪ್ರಸಾದವನ್ನು, ಅಂದರೆ ಯೇಸುವಿನ ಶರೀರವೆಂದು ನಂಬುವ ರೊಟ್ಟಿಯನ್ನು, ಇನ್ನೊಂದು ಪೀಠಕ್ಕೆ ಒಯ್ದು ಇಡುತ್ತಾರೆ. ಹೂವು, ಮೇಣದಬತ್ತಿಗಳಿಂದ ಸಿಂಗರಿಸಿದ ಆ ಪೀಠದ ಮುಂದೆ ಜನ ರಾತ್ರಿ ಕೂತು ಪ್ರಾರ್ಥಿಸುತ್ತಾರೆ. ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಶಿಷ್ಯರನ್ನು, ಒಂದು ಗಳಿಗೆಯಾದರೂ ನನ್ನ ಜೊತೆ ಎಚ್ಚರವಾಗಿರಲಾರಿರಾ ಎಂದು ಕೇಳಿದ ರಾತ್ರಿ ಅದು. ಆ ರಾತ್ರಿ ಏಳು ಚರ್ಚುಗಳಿಗೆ ಹೋಗುವ ರೂಢಿಯೂ ಇದೆ. 16ನೇ ಶತಮಾನದಲ್ಲಿ ಸಂತ ಫಿಲಿಪ್ ನೇರಿ ಜನರನ್ನು ಕಟ್ಟಿಕೊಂಡು ರೋಮ್ ನಗರದ ಏಳು ಚರ್ಚುಗಳಿಗೆ ನಡೆಯುತ್ತಿದ್ದರು. ಬೆಂಗಳೂರಿನಲ್ಲಿ ನನ್ನ ಚಿಕ್ಕಪ್ಪ, ಚಿಕ್ಕಮ್ಮ ವರ್ಷಾ ವರ್ಷಾ ಹೀಗೆ ನಡೆಯುತ್ತಿದ್ದರು. ಈಚೆಗೆ ಚಿಕ್ಕಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿವೆ. ಚಿಕ್ಕಮ್ಮ ಒಬ್ಬರೇ ಹೋಗುವುದು ಬೇಡ ಎಂದು ತುಮಕೂರಿನಿಂದ ನಾನು ಹೊರಟೆ.

ಯಶವಂತಪುರದಲ್ಲಿ ರೈಲಿಳಿದು ಕ್ಲೀವ್‌ಲ್ಯಾಂಡ್ ಟೌನ್ ತಲುಪುವಷ್ಟರಲ್ಲಿ ಬಿಸಿಲು ಸುಡುತ್ತಿತ್ತು. ಬಾಗಿಲಿನ ಮೇಲೆ ಗರಿಗಳ ಭಾನುವಾರದ (ಈಸ್ಟರ್‌ಗೆ ಹಿಂದಿನ ಭಾನುವಾರ) ಗರಿಯನ್ನು ಶಿಲುಬೆಯಾಗಿ ಹೆಣೆದು ಸಿಕ್ಕಿಸಿದ್ದರು. ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನೇ ಬೂದಿ ಬುಧವಾರ ಹಣೆಗೆ ಹಚ್ಚುವುದು. ಅಲ್ಲಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನ ತಪಸ್ಸು ಕಾಲ. ಚಿಕ್ಕಮ್ಮ ಅಷ್ಟೂ ದಿನ ಕಾಫಿ ಬಿಟ್ಟಿದ್ದರು. ಉಳಿದ ದುಡ್ಡು ಒಂದು ಡಬ್ಬಿಗೆ. ಶುಕ್ರವಾರ ಮಾಂಸ ಇಲ್ಲ, ಸಂಜೆ ಶಿಲುಬೆ ಹಾದಿಯ 14 ಸ್ಥಳಗಳ ಪ್ರಾರ್ಥನೆ. ಪಾಪನಿವೇದನೆಯೂ ಆಗಿತ್ತು. ಚಿಕ್ಕಪ್ಪ ಮಂಚದ ಮೇಲೆ ಕೂತೇ ಎಡಗೈಯಲ್ಲಿ ಜಪಸರ ಎಣಿಸುತ್ತಿದ್ದರು. ಮಾತು ನಿಧಾನ, ಆದರೆ ಅರ್ಥವಾಗುತ್ತಿತ್ತು.

ನಮ್ಮದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆಯ ಮನೆ. ಚಿಕ್ಕಮ್ಮ ಮದುವೆಯಾಗಿ ಕಥೋಲಿಕ ಸಭೆಗೆ ಬಂದವರು. ಸಿದ್ಧತೆ ಅಂದರೆ ಅವರಿಗೆ ಮನೆ ಗುಡಿಸಿದಷ್ಟೇ ಸಹಜ. "ದೇವರು ಬರೋಕೆ ಮುಂಚೆ ಜಾಗ ಮಾಡಬೇಕಲ್ವಾ?" ಎಂದರು. ಕಾಫಿ ಬಿಟ್ಟದ್ದಕ್ಕೆ ಅದಕ್ಕಿಂತ ಜಾಸ್ತಿ ವಿವರಣೆ ಕೊಡಲಿಲ್ಲ.

ಸಂಜೆ ಸಂತ ಫ್ರಾನ್ಸಿಸ್ ಝೇವಿಯರ್ ಕಥೀಡ್ರಲ್‌ಗೆ ಹೋದೆವು. ಕಲ್ಲಿನ ದೊಡ್ಡ ಕಟ್ಟಡ, ಮೇಲೆ ಗುಮ್ಮಟ. 1932ರಲ್ಲಿ ಪ್ರತಿಷ್ಠೆಯಾದದ್ದು. ಕೊನೆಯ ಭೋಜನದಲ್ಲಿ ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಗುರುಗಳು ಮೊಣಕಾಲೂರಿ 12 ಮಂದಿಯ ಪಾದ ತೊಳೆದರು. ಹಿಂದೆ ಗಂಡಸರ ಪಾದ ಮಾತ್ರ ತೊಳೆಯಬೇಕೆಂಬ ನಿಯಮವಿತ್ತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬದಲಿಸಿದರು. ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಪಾದಕ್ಕೆ ನೀರು ಬೀಳುತ್ತಲೇ ಕಾಲು ಹಿಂದಕ್ಕೆಳೆದುಕೊಂಡರು. ಆಮೇಲೆ ಮೆಲ್ಲಗೆ ಮುಂದಕ್ಕೆ ಚಾಚಿದರು. ಸೇವೆ ಮಾಡಿಸಿಕೊಳ್ಳಲು ಒಪ್ಪುವುದೂ ಕಷ್ಟವೇ. ಶಿಷ್ಯ ಪೇತ್ರನೂ ಮೊದಲು ಬೇಡ ಅಂದವನೇ. ಪೂಜೆಯಲ್ಲಿ ಹಾಡುವ 'ಮಹಿಮೆ' ಎಂಬ ಸ್ತುತಿಯ ಹೊತ್ತಿಗೆ ಗಂಟೆ ಬಾರಿಸಿದ್ದೇ ಕೊನೆ. ಇನ್ನು ಶನಿವಾರ ರಾತ್ರಿಯ ಜಾಗರಣೆಯವರೆಗೆ ಗಂಟೆ ಇಲ್ಲ. ಪೂಜೆಯ ಬಳಿಕ ಮುಖ್ಯ ಪೀಠದ ಬಟ್ಟೆ, ಬತ್ತಿ ಎಲ್ಲ ತೆಗೆದು ಬರಿದು ಮಾಡಿದರು.

ಅಲ್ಲಿಂದ ಶಿವಾಜಿನಗರದ ಕಡೆ ನಡೆದೆವು. ಕೋಲ್ಸ್ ಪಾರ್ಕ್ ದಾಟಿದ ಮೇಲೆ ಗಾಳಿ ಸ್ವಲ್ಪ ತಣ್ಣಗಾಯಿತು. ರಸೆಲ್ ಮಾರುಕಟ್ಟೆ ಹತ್ತಿರ ಬರುತ್ತಲೇ ಹೂವಿನ ವಾಸನೆ, ಕಬಾಬ್ ಹೊಗೆ, ಬಸ್ಸಿನ ಹಾರ್ನ್ ಎಲ್ಲ ಒಟ್ಟಿಗೆ. ಅದರ ನಡುವೆ ಸಂತ ಮರಿಯಮ್ಮನವರ ಬೆಸಿಲಿಕಾದ ಚೂಪು ಗೋಪುರ. ಈಗಿನ ಗೋಥಿಕ್ ಕಟ್ಟಡ 1882ರದು. ಇಲ್ಲಿ ಆರೋಗ್ಯ ಮಾತೆಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಊರಿಗೆ ಊರೇ ಸೇರುತ್ತದೆ, ಜಾತಿ ಧರ್ಮ ಯಾರೂ ಕೇಳುವುದಿಲ್ಲ. ಅವತ್ತು ರಾತ್ರಿಯೂ ಬುರ್ಖಾ ಹಾಕಿದ್ದ ಹೆಂಗಸೊಬ್ಬರು ಅಂಗಳದಲ್ಲಿ ಮಗುವನ್ನು ಎತ್ತಿಕೊಂಡು ಬತ್ತಿ ಹಚ್ಚುತ್ತಿದ್ದರು.

ಒಳಗೆ ಚಿಕ್ಕಮ್ಮ ತುಂಬಾ ಹೊತ್ತು ಮೊಣಕಾಲೂರಿದ್ದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಕಣ್ಣು ಕೆಂಪಾಗಿದ್ದವು.

"ಏನು ಕೇಳಿಕೊಂಡ್ರಿ ಚಿಕ್ಕಮ್ಮ?"

"ಕೇಳಿಕೊಳ್ಳೋದೇನು ಬಂತು ಕಂದಾ, ಜಗಳವೇ ಆಡಿದೆ. ಇವರು ಎದ್ದು ನಡೀಬೇಕು, ಮೊದಲಿನ ಹಾಗೇ ಆಗಬೇಕು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದೆ."

"ದೇವರ ಚಿತ್ತ ಅಂತ ಬಿಡಬೇಕು ಅಂತಾರಲ್ಲ?"

"ಬಿಡ್ತೀನಿ. ಆದ್ರೆ ಮೊದಲು ಹೇಳಿ ಆಮೇಲೆ ಬಿಡ್ತೀನಿ. ಯೇಸು ಸುಮ್ನೆ ಬಿಟ್ಟನಾ? ಮೂರು ಸಲ ಕೇಳಿದ."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮತ್ತಾಯನ ಸುವಾರ್ತೆಯ 26ನೇ ಅಧ್ಯಾಯದಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಸಾಧ್ಯವಿದ್ದರೆ ಈ ಪಾತ್ರೆ (ಬರಲಿರುವ ಸಂಕಟ) ನನ್ನನ್ನು ಬಿಟ್ಟುಹೋಗಲಿ ಎಂದು ಯೇಸು ನೆಲಕ್ಕೆ ಬಿದ್ದು ಬೇಡುತ್ತಾನೆ. ನಿನ್ನ ಚಿತ್ತವೇ ಆಗಲಿ ಎನ್ನುತ್ತಾನೆ. ಎದ್ದು ಹೋಗುತ್ತಾನೆ, ಮತ್ತೆ ಬರುತ್ತಾನೆ, ಮತ್ತೆ ಬೇಡುತ್ತಾನೆ. ಒಪ್ಪಿಸಿಕೊಡುವುದು ಅಂದರೆ ಆಸೆಯೇ ಇಲ್ಲದಂತೆ ಇರುವುದು ಎಂದು ನಮಗೆ ಎಷ್ಟೋ ಸಲ ಬೋಧಿಸುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಏನು ಬೇಕು ಅಂತ ಬಾಯಿಬಿಟ್ಟು ಹೇಳದವನು ಯಾವುದನ್ನು ಒಪ್ಪಿಸುತ್ತಾನೆ? ಚಿಕ್ಕಮ್ಮನ 40 ದಿನದ ಉಪವಾಸ, ಪಾಪನಿವೇದನೆ ಎಲ್ಲವೂ ಅವರನ್ನು ಅಷ್ಟು ನೇರವಾಗಿ ಮಾತಾಡುವ ಹಾಗೆ ಮಾಡಿದ್ದವು.

ಆಮೇಲೆ ಅವರೇ ಕೇಳಿದರು, "ಒಡಂಬಡಿಕೆ ಪ್ರಾರ್ಥನೆ ಈಗಲೂ ಮಾಡ್ತೀರಾ ನಮ್ಮ ಸಭೆಯಲ್ಲಿ?"

ಮಾಡುತ್ತೇವೆ, ಹೊಸ ವರ್ಷದ ಆರಾಧನೆಯಲ್ಲಿ. ತುಮಕೂರು, ಗುಬ್ಬಿ ಕಡೆಯ ನಮ್ಮ ಸಭೆಗಳು ವೆಸ್ಲಿಯನ್ ಮಿಷನ್ನಿನಿಂದ ಬೆಳೆದವು. ಆ ಪಂಥದ ಮೂಲಪುರುಷ, ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಒಡಂಬಡಿಕೆಯ ಆರಾಧನೆಯನ್ನು ಮೊದಲು ನಡೆಸಿದ್ದು 1755ರಲ್ಲಿ, ಲಂಡನ್ನಿನಲ್ಲಿ. ನಾನು ಇನ್ನು ನನ್ನವನಲ್ಲ, ನಿನ್ನವನು ಎಂಬುದು ಅದರ ತಿರುಳು. ನಿನಗಾಗಿ ಕೆಲಸಕ್ಕೆ ಹಚ್ಚಿದರೂ ಸರಿ, ನಿನಗಾಗಿ ಪಕ್ಕಕ್ಕಿಟ್ಟರೂ ಸರಿ ಎಂಬ ಮಾತು ಅದರಲ್ಲಿ ಬರುತ್ತದೆ.

"ಚಿಕ್ಕವಳಿದ್ದಾಗ ಬಾಯಿಪಾಠ ಹೇಳ್ತಿದ್ದೆ," ಎಂದರು ಚಿಕ್ಕಮ್ಮ. "ಪಕ್ಕಕ್ಕಿಟ್ಟರೂ ಸರಿ ಅನ್ನೋದು ಎಷ್ಟು ಭಾರ ಅಂತ ನಿಮ್ಮ ಚಿಕ್ಕಪ್ಪನ ಕೈ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋಗುವಾಗ ಗೊತ್ತಾಯ್ತು. ಅವರು ಮಾತ್ರ ಅದನ್ನ ನನಗಿಂತ ಮೊದಲು ಒಪ್ಪಿಕೊಂಡ್ರು ನೋಡು."

ಆಟೋ ಹಿಡಿದು ಸಂತ ಪ್ಯಾಟ್ರಿಕ್ ಚರ್ಚಿಗೆ ಹೋದೆವು. ದಂಡಿನಲ್ಲಿದ್ದ ಐರಿಷ್ ಸೈನಿಕರ ನೆನಪು ಆ ಹೆಸರಿನಲ್ಲೇ ಉಳಿದಿದೆ. ಬ್ರಿಗೇಡ್ ರಸ್ತೆಯ ಗದ್ದಲ ಅಷ್ಟು ಹತ್ತಿರ ಇದ್ದರೂ ಒಳಗೆ ಕೆಮ್ಮಿದರೂ ಕೇಳಿಸುವಷ್ಟು ಮೌನ. ರಿಚ್ಮಂಡ್ ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಸ್ವಲ್ಪ ಹೊತ್ತು. ಕೊನೆಗೆ ವಿವೇಕನಗರದ ಬಾಲಯೇಸು ದೇವಾಲಯ. 1971ರಲ್ಲಿ ಒಂದು ಟೆಂಟಿನಡಿ ಶುರುವಾದ ಈ ಜಾಗಕ್ಕೆ ಪ್ರತಿ ಗುರುವಾರ ಜನ ಹರಿದುಬರುತ್ತಾರೆ. ಕೆಲಸ, ಮಗು, ಮದುವೆ, ಕಾಯಿಲೆ, ಹೀಗೆ ಕೇಳಲು ಬರುವವರೇ ಹೆಚ್ಚು. ಕೇಳುವುದನ್ನು ಕೀಳು ಭಕ್ತಿ ಎಂದು ನೋಡುವವರು ಒಂದು ಸಲ ಇಲ್ಲಿ ಬಂದು ಕೂರಬೇಕು.

ಏಳು ಪೂರ್ತಿಯಾಗಲಿಲ್ಲ. ಚಿಕ್ಕಮ್ಮನ ಮಂಡಿ ನೋಯುತ್ತಿತ್ತು. ಮನೆ ಸೇರಿದಾಗ ಚಿಕ್ಕಪ್ಪ ಎಚ್ಚರವಾಗಿದ್ದರು. ಪಕ್ಕದ ಮನೆಯ ಹುಡುಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ.

ಮರುದಿನ ಶುಭ ಶುಕ್ರವಾರ. ನಾನು ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ಚರ್ಚಿಗೆ ಹೋದೆ. ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಮಿಷನರಿ ಜೋಸಯ್ಯ ಹಡ್ಸನ್ ಅವರ ನೆನಪಿನಲ್ಲಿ 1904ರಲ್ಲಿ ಕಟ್ಟಿದ ಕನ್ನಡ ಸಭೆಯ ಚರ್ಚು. ಮಧ್ಯಾಹ್ನ ಮೂರು ಗಂಟೆಯವರೆಗೂ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ನಾಲ್ಕನೆಯದು 'ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ' ಎಂಬ ಕೂಗು, ಬೈಬಲಿನ 22ನೇ ಕೀರ್ತನೆಯದು. ಏಳನೆಯದು 'ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ' ಎಂಬುದು, 31ನೇ ಕೀರ್ತನೆಯದು. ಎರಡನ್ನೂ ಹೇಳಿದ್ದು ಒಂದೇ ಬಾಯಿ. ಬೆಸಿಲಿಕಾದ ಮೆಟ್ಟಿಲ ಮೇಲಿನ ಮಾತು ಕೇಳಿದ ಮೇಲೆ ನಾಲ್ಕನೆಯ ಮಾತಿನ ಹೊತ್ತಿಗೆ ನನಗೆ ಭಯವಾಗಲಿಲ್ಲ.

ಶನಿವಾರ ಬೆಳಿಗ್ಗೆ ವ್ಯಾಯಾಮ ಮಾಡಿಸುವವರು ಬಂದು ಚಿಕ್ಕಪ್ಪನನ್ನು ಗೋಡೆ ಹಿಡಿಸಿ ಬಾಗಿಲವರೆಗೆ ನಡೆಸಿದರು. ಚಿಕ್ಕಮ್ಮ ಪಕ್ಕದಲ್ಲೇ ನಿಂತು ಹೆಜ್ಜೆ ಎಣಿಸಿದರು. ಭಾನುವಾರ ಮುಂಜಾನೆ ನಮ್ಮ ಊರಿನ ಆರಾಧನೆಯಲ್ಲಿ ನಾನು ಸುವಾರ್ತೆ ಓದಬೇಕಿತ್ತು, ಹಾಗಾಗಿ ಹೊರಟೆ. ಚೀಲ ಎತ್ತಿಕೊಳ್ಳುವಾಗ ಚಿಕ್ಕಪ್ಪ ಒಂದೊಂದೇ ಮಾತು ಜೋಡಿಸಿ ಹೇಳಿದರು, "ಮುಂದಿನ ವರ್ಷ... ಆಟೋದಲ್ಲಾದ್ರೂ... ಬೆಸಿಲಿಕಾಗೆ ಬರ್ತೀನಿ."

"ದೇವರ ಚಿತ್ತ ಇದ್ರೆ," ಎಂದರು ಚಿಕ್ಕಮ್ಮ. "ಕೇಳೋಣ ಬಿಡಿ, ಇನ್ನೂ ಕೇಳೋಣ."