ಮಳೆಗೆ ಮೊದಲು ಜಿಪ್ಸಿಯ ಲೆಕ್ಕ

ಅಡಕೆ ಕೊಟ್ಟು ಬಂದ ಹಣದಲ್ಲಿ 80,000 ರೂಪಾಯಿಯನ್ನು ನಮ್ಮ ಮಾರುತಿ ಜಿಪ್ಸಿ ಜೀಪಿಗೆ ಅಂತಲೇ ಬೇರೆ ತೆಗೆದಿಟ್ಟಿದ್ದೆ. ಟಯರ್ ಸವೆದಿತ್ತು. ಸಸ್ಪೆನ್ಷನ್ ಕೂತುಹೋಗಿತ್ತು. ಮೇ ಅರ್ಧ ಕಳೆದಿತ್ತು. ನಮ್ಮ ಕಾಸರಗೋಡು ಕಡೆ ಜೂನ್ ಮೊದಲ ವಾರ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಗಾಡಿಯ ಅಡಿಗೆ ಹೋಗಿ ಕೆಲಸ ಮಾಡುವ ಮಾತಿಲ್ಲ. ಅಷ್ಟರೊಳಗೆ ಏನು ಹಾಕಬೇಕು, ಯಾವುದಕ್ಕೆ ಎಷ್ಟು, ಯಾವುದು ಮೊದಲು ಅಂತ ನಿರ್ಧಾರ ಆಗಬೇಕಿತ್ತು. ಒಂದು ಶನಿವಾರವನ್ನು ಪೂರ್ತಿ ಅದಕ್ಕೇ ಇಟ್ಟೆವು. ನಾನು, ಭಾವ, ಪೆರ್ಲದ ಮೆಕ್ಯಾನಿಕ್, ಒಂದು ಟೇಪು, ಒಂದು ನೋಟ್‌ಪುಸ್ತಕ.

ಮೊದಲು ದಾರಿಯ ಬಗ್ಗೆ ಹೇಳಬೇಕು. ಲೆಕ್ಕ ಪೂರ್ತಿ ನಿಂತಿರುವುದು ಅದರ ಮೇಲೆ. ಚೆರ್ಕಳ–ಕಲ್ಲಡ್ಕ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸ್ವಲ್ಪ ದೂರ ಡಾಮರು. ಆಮೇಲೆ ಕಾಂಕ್ರೀಟು. ಅದು ಮುಗಿದಲ್ಲಿಂದ ನಮ್ಮ ಅಂಗಳದವರೆಗೆ ಬರೀ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಇಳಿಜಾರು. ಮಣ್ಣು ಕೊಚ್ಚಿಹೋಗಿ ಕಲ್ಲು ಮೆಟ್ಟಿಲು ಮೆಟ್ಟಿಲಾಗಿ ಎದ್ದಿದೆ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಕೆಳಗೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕು. ತೋಡಿನ ಈಚೆ ದಡದಲ್ಲಿ ಸ್ವಲ್ಪ ಕೆಸರು. ಒಂದು ತಿರುವಿನಲ್ಲಿ ದಾರಿಯೇ ತೋಡಿನ ಕಡೆಗೆ ವಾಲಿದೆ. ಈ ದಾರಿಯಲ್ಲಿ ಅಡಕೆ ಮೂಟೆ ಮೇಲೆ ಹೋಗುತ್ತದೆ, ಗೊಬ್ಬರ ಕೆಳಗೆ ಬರುತ್ತದೆ. ಬೆನ್ನುನೋವಿನ ಅಪ್ಪನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೂ ಇದೇ ದಾರಿಯಲ್ಲಿ.

ಹಾಗಾಗಿ ನನಗೆ ಬೇಕಾದದ್ದು ಮೂರೇ. ಕಲ್ಲಿನಲ್ಲಿ ಅಡಿ ತಾಗಬಾರದು. ಪಾಚಿಯಲ್ಲಿ ಚಕ್ರ ಜಾರಬಾರದು. ಅಪ್ಪನ ಬೆನ್ನಿಗೆ ಪೆಟ್ಟು ಬೀಳಬಾರದು. ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಇಷ್ಟನ್ನೇ ಬರೆದೆ. ಆಮೇಲೆ ಯಾರು ಏನು ಹೇಳಿದರೂ ಆ ಪುಟ ತಿರುಗಿಸಿ ನೋಡಿದೆ.

ನಮ್ಮದು 2012ರ ಜಿಪ್ಸಿ ಕಿಂಗ್. 1.3 ಲೀಟರ್ ಪೆಟ್ರೋಲ್ ಎಂಜಿನ್, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡಬಲ ಚಕ್ರಗಳನ್ನು ಸೇರಿಸುವ ಒಂದೇ ದಂಡ), ನಾಲ್ಕೂ ಕಡೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಪಟ್ಟಿ ಸ್ಪ್ರಿಂಗ್. ತೂಕ ಕಡಿಮೆ. ಅದೇ ಅದರ ದೊಡ್ಡ ಗುಣ. ದೊಡ್ಡ ಗಾಡಿಗಳು ಹೂತುಕೊಳ್ಳುವಲ್ಲಿ ಇದು ಹಗುರಾಗಿ ದಾಟುತ್ತದೆ. ಆ ಗುಣವನ್ನು ಕೆಡಿಸುವ ಯಾವುದನ್ನೂ ಹಾಕಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಿಂದಿನ ದಿನವೇ ಗಾಡಿ ತೂಗುವ ವೇ ಬ್ರಿಡ್ಜಿಗೆ ಹೋಗಿ ಬಂದಿದ್ದೆ. ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಖಾಲಿ ಗಾಡಿಯನ್ನು ಒಮ್ಮೆ ತೂಗಿ, ಮೂಟೆ ಹೇರಿ ಇನ್ನೊಮ್ಮೆ ತೂಗುವುದು. ಆಮೇಲೆ ಹಿಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಮತ್ತೊಮ್ಮೆ. ಖಾಲಿ ಇದ್ದಾಗ ನನ್ನನ್ನೂ ಸೇರಿಸಿ 1,120 ಕಿಲೋ ಬಂತು. ಮೂಟೆ ಹೇರಿದಾಗ 1,480. ಹೆಚ್ಚಿದ ಭಾರದಲ್ಲಿ ಮುಂದಿನ ಚಕ್ರಗಳಿಗೆ ಹೋದದ್ದು ತೀರಾ ಸ್ವಲ್ಪ. ಉಳಿದದ್ದೆಲ್ಲ ಹಿಂದೆ. ಅಂದರೆ ಮುಂದಿನ ಸ್ಪ್ರಿಂಗಿಗೆ ಹೊಸ ಪಟ್ಟಿ ಸೇರಿಸುವ ಅಗತ್ಯವೇ ಇಲ್ಲ. ಈ ಒಂದು ತೂಕದ ಚೀಟಿಯಿಂದ ಒಂದಷ್ಟು ಹಣ ಉಳಿಯಿತು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಸಮತಟ್ಟು ಜಾಗ ನೋಡಿ ಗಾಡಿ ನಿಲ್ಲಿಸಿದೆವು. ನಾಲ್ಕೂ ಟಯರಿಗೆ ಒಂದೇ ಗಾಳಿ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದೆವು. ನೆಲದಿಂದ ಅಳೆದರೆ ಟಯರಿನ ಸವೆತವೂ ಲೆಕ್ಕದಲ್ಲಿ ಸೇರಿಬಿಡುತ್ತದೆ, ಸ್ಪ್ರಿಂಗ್ ಎಷ್ಟು ಕೂತಿದೆ ಅಂತ ಗೊತ್ತಾಗುವುದಿಲ್ಲ. ಹಿಂದಿನ ಬಲಬದಿ ಎಡಬದಿಗಿಂತ 22 ಮಿಲಿಮೀಟರ್ ತಗ್ಗಿತ್ತು. ಮೆಕ್ಯಾನಿಕ್ ಟಾರ್ಚು ಹಿಡಿದು ಅಡಿಗೆ ನುಗ್ಗಿದರು. ಅವರದು ತುಳು, ಮಲಯಾಳ, ಕನ್ನಡ ಮೂರೂ ಸೇರಿದ ಮಾತು. "ಮೇಯ್ನ್ ಪಟ್ಟಿ ಬಿರುಕು ಬಿಟ್ಟಿದೆ. ಬುಷ್ ಎಲ್ಲ ಹೋಗಿದೆ. ಶಾಕ್ ಅಬ್ಸಾರ್ಬರ್ ಎರಡು ಎಣ್ಣೆ ಬಿಟ್ಟಿದೆ" ಅಂತ ಒಳಗಿನಿಂದಲೇ ಹೇಳುತ್ತಾ ಹೋದರು. ನಾನು ಬರೆದುಕೊಳ್ಳುತ್ತಾ ಹೋದೆ.

ಬುಷ್ ಅಂದರೆ ಪಟ್ಟಿಯ ತುದಿಗೂ ಅದನ್ನು ಗಾಡಿಯ ಚೌಕಟ್ಟಿಗೆ (ಚಾಸಿಗೆ) ಸೇರಿಸುವ ಕೊಂಡಿಯಾದ ಶ್ಯಾಕಲ್‌ಗೂ ನಡುವೆ ಕೂರುವ ರಬ್ಬರ್ ತುಂಡು. ಅದು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಆ ಪೆಟ್ಟು ನೇರ ಚಾಸಿಗೆ, ಅಲ್ಲಿಂದ ಸೀಟಿಗೆ, ಸೀಟಿನಿಂದ ಬೆನ್ನಿಗೆ. ಜಿಪ್ಸಿ ಅಂದರೆ ಕುಲುಕಾಟ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಒಂದು ಪಾಲು ಗಾಡಿಯ ಸ್ವಭಾವ, ಇನ್ನೊಂದು ಪಾಲು ಸತ್ತ ಬುಷ್ ಮತ್ತು ಗ್ರೀಸ್ ಕಾಣದ ಪಟ್ಟಿ. ಪಾಲಿಯುರಿಥೇನ್ ಬುಷ್ ಹಾಕೋಣ, ಬಾಳಿಕೆ ಜಾಸ್ತಿ ಅಂತ ಭಾವ ಹೇಳಿದರು. ಬಾಳಿಕೆ ನಿಜ. ಆದರೆ ಅದು ರಬ್ಬರಿಗಿಂತ ಗಡಸು, ಸಣ್ಣ ಅದುರನ್ನೂ ಒಳಗೆ ಕಳಿಸುತ್ತದೆ. ಅಪ್ಪ ಕೂರುವ ಗಾಡಿಗೆ ರಬ್ಬರೇ ಸಾಕು ಅಂತ ತೀರ್ಮಾನಿಸಿದೆ.

ನಿಜವಾದ ವಾದ ಬಂದದ್ದು ಟಯರಿನಲ್ಲಿ. ಕಂಪನಿ ಕೊಟ್ಟ ಅಳತೆ 205/70 ಆರ್ 15. ಭಾವನಿಗೆ 235/75 ಆರ್ 15, ಅದೂ ದೊಡ್ಡ ದೊಡ್ಡ ಗುಳಿಗಳಿರುವ ಮಡ್ ಟೆರೇನ್, ಅಂದರೆ ಕೆಸರಿನ ಟಯರ್ ಬೇಕು. "ನೋಡಲಿಕ್ಕೆ ಗಾಡಿಯ ಹಾಗೆ ಇರಬೇಕಲ್ವಾ ಮಾರಾಯ" ಅಂದರು. ಆಸೆ ನನಗೂ ಇತ್ತು. ಆದರೆ ಪೆನ್ನು ತೆಗೆದು ಲೆಕ್ಕ ಹಾಕಿದೆವು. ಮೊದಲ ಸಂಖ್ಯೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಎತ್ತರ ಅನ್ನುವುದು. ಕೊನೆಯ 15 ರಿಮ್ಮಿನ ಅಳತೆ, ಇಂಚಿನಲ್ಲಿ. ಆ ಎತ್ತರವನ್ನು ದುಪ್ಪಟ್ಟು ಮಾಡಿ, ರಿಮ್ಮಿನ ಅಳತೆಯನ್ನು ಮಿಲಿಮೀಟರಿಗೆ ತಿರುಗಿಸಿ ಕೂಡಿಸಿದರೆ ಟಯರಿನ ಒಟ್ಟು ಎತ್ತರ. ಹಳೆಯದಕ್ಕೆ 668 ಮಿಲಿಮೀಟರ್ ಬಂತು. ಭಾವನ ಟಯರಿಗೆ 733. ಅಂದರೆ ಹತ್ತಿರ ಹತ್ತಿರ ನೂರಕ್ಕೆ ಹತ್ತು ದೊಡ್ಡದು.

ನೂರಕ್ಕೆ ಹತ್ತು ಸಣ್ಣದಲ್ಲ. ಗೇರ್ ಎಲ್ಲವೂ ಅಷ್ಟು ಎತ್ತರವಾದ ಹಾಗೆ, ಎಳೆಯುವ ಬಲ ಅಷ್ಟು ಕಡಿಮೆ. ಹೇರಿದ ಗಾಡಿ ಮುರಕಲ್ಲು ಹತ್ತುವಾಗ ಈ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ, ಕ್ಲಚ್ ಸುಡುತ್ತದೆ. ಬ್ರೇಕಿಗೂ ಕೆಲಸ ಜಾಸ್ತಿ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಸಾಲದ್ದಕ್ಕೆ ನಮ್ಮ ರಿಮ್ಮಿನ ಅಗಲ ಐದೂವರೆ ಇಂಚು. 235ಕ್ಕೆ ಕಡಿಮೆಯೆಂದರೆ ಆರು ಇಂಚು ಬೇಕು. ಹೊಸ ರಿಮ್ ಅಂದರೆ ಹೊಸ ಖರ್ಚು, ಚಕ್ರ ಹೊರಗೆ ಚಾಚುತ್ತದೆ, ಮುಂದಿನ ಕಿಂಗ್‌ಪಿನ್ ಬೇರಿಂಗಿಗೆ (ಚಕ್ರ ಎಡಬಲ ತಿರುಗುವ ಕೀಲಿನ ಬೇರಿಂಗಿಗೆ) ಭಾರ.

ನಡುವೆ ಒಂದು ಅಳತೆ ಉಂಟು. 215/75 ಆರ್ 15. ಎತ್ತರ ಸುಮಾರು 703. ಹಳೆಯದಕ್ಕಿಂತ ನೂರಕ್ಕೆ ಐದೇ ಹೆಚ್ಚು. ಇದೇ ರಿಮ್ಮಿಗೆ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯ, ಇದು ಬೊಲೆರೊದ ಅಳತೆ. ನಮ್ಮ ಕಡೆ ಬೊಲೆರೊ ಇಲ್ಲದ ಊರಿಲ್ಲ. ಬದಿಯಡ್ಕದಲ್ಲಿ ಸಿಗುತ್ತದೆ, ಕುಂಬಳೆಯಲ್ಲಿ ಸಿಗುತ್ತದೆ, ವಿಟ್ಲದಲ್ಲೂ ಸಿಗುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಟಯರಿನ ಬದಿ ಸೀಳಿದರೆ ಕೊಚ್ಚಿಯಿಂದ ಪಾರ್ಸೆಲ್ ಬರುವುದನ್ನು ಕಾಯುತ್ತಾ ಕೂರಲಿಕ್ಕೆ ಆಗುತ್ತದಾ?

ಮಡ್ ಟೆರೇನ್ ಬೇಡ ಅಂದದ್ದಕ್ಕೂ ನಮ್ಮ ದಾರಿಯೇ ಕಾರಣ. ಆ ದೊಡ್ಡ ಗುಳಿಗಳು ಆಳದ ಕೆಸರಿಗೆ ಒಳ್ಳೆಯದು. ನಮ್ಮಲ್ಲಿ ಕೆಸರು ಇರುವುದು ತೋಡಿನ ಹತ್ತಿರ ಸ್ವಲ್ಪವೇ. ಉಳಿದದ್ದು ಒದ್ದೆ ಕಲ್ಲು, ಒದ್ದೆ ಡಾಮರು. ಅಲ್ಲಿ ಬೇಕಾದದ್ದು ನೆಲಕ್ಕೆ ತಾಗುವ ರಬ್ಬರು ಮತ್ತು ಅದರಲ್ಲಿರುವ ಸಣ್ಣ ಸಣ್ಣ ಸೀಳುಗಳು. ಎಲ್ಲ ಬಗೆಯ ನೆಲಕ್ಕೂ ಆಗುವ ಆಲ್ ಟೆರೇನ್ ಟಯರಿನಲ್ಲಿ ಅದು ಜಾಸ್ತಿ. ಸದ್ದೂ ಕಡಿಮೆ. ಕೊನೆಗೆ ಭಾವ ಒಪ್ಪಿದರು, ಸ್ವಲ್ಪ ಬೇಸರದಲ್ಲೇ.

ಈಗ ಎತ್ತರಿಸುವ ವಿಷಯ. ಇದನ್ನು ಸರಿಯಾಗಿ ಹೇಳದಿದ್ದರೆ ತುಂಬಾ ಜನ ಹಣ ಕಳೆದುಕೊಳ್ಳುತ್ತಾರೆ. ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಸ್ಪ್ರಿಂಗ್ ಎಷ್ಟೇ ಎತ್ತರಿಸಿದರೂ ಡಿಫರೆನ್ಷಿಯಲ್‌ನ ಉಂಡೆ (ಆಕ್ಸಲಿನ ನಡುವೆ ಗೇರ್ ಇರುವ ಉಬ್ಬು) ಇದ್ದಲ್ಲೇ ಇರುತ್ತದೆ. ಮೇಲೆ ಹೋಗುವುದು ಬಾಡಿ ಮತ್ತು ಚಾಸಿ ಮಾತ್ರ. ನಮ್ಮ ಕಲ್ಲಿಗೆ ತಾಗುತ್ತಿದ್ದದ್ದು ಆ ಉಂಡೆಯೇ. ಅದನ್ನು ಮೇಲೆತ್ತುವುದು ಟಯರ್ ಒಂದೇ. ಟಯರಿನ ಎತ್ತರದಲ್ಲಿ ಹೆಚ್ಚಿದ್ದರ ಅರ್ಧ ಮಾತ್ರ ಅಡಿಗೆ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 18 ಮಿಲಿಮೀಟರ್. ಹಳೆಯ ಟಯರ್ ಸವೆದು ಕಳೆದದ್ದೂ ವಾಪಸ್ ಬಂದರೆ ಇನ್ನೂ ಸ್ವಲ್ಪ.

ಹೊರದೇಶದ ಎರಡು ಇಂಚಿನ ಲಿಫ್ಟ್ ಕಿಟ್‌ನ ಬೆಲೆ ಕೇಳಿದ್ದೆವು. ಸ್ಪ್ರಿಂಗು, ಶಾಕು ಎಲ್ಲ ಸೇರಿ ಒಂದು ಲಕ್ಷ ದಾಟುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ. ಎಂಜಿನ್ನಿನ ಬಲವನ್ನು ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದುರು ಶುರುವಾಗಬಹುದು. ಬ್ರೇಕ್ ಹೋಸ್ ಗಿಡ್ಡವಾಗಬಹುದು. ಆ ವಾಲಿದ ತಿರುವಿನಲ್ಲಿ ಮೂಟೆ ಹೇರಿದ ಎತ್ತರದ ಗಾಡಿ ನನಗೆ ಬೇಡವೇ ಬೇಡ. ಪುತ್ತೂರಿನಲ್ಲಿ ಲಾರಿಗಳ ಪಟ್ಟಿ ಕಟ್ಟುವವರಿಗೆ ಫೋನ್ ಮಾಡಿದೆ. ನಾನು ಕೇಳಿದ್ದು ಒಂದೇ: ಕಾಯಿಸಿ ಬಗ್ಗಿಸುತ್ತೀರಾ, ತಣ್ಣಗೆ ಬಡಿಯುತ್ತೀರಾ? ಕಾಯಿಸಿ ಬಗ್ಗಿಸಿದ ಪಟ್ಟಿಗೆ ಮತ್ತೆ ಸರಿಯಾಗಿ ಹದ ಕೊಡದಿದ್ದರೆ ಅದರ ಸ್ಪ್ರಿಂಗ್ ಗುಣವೇ ಹೋಗುತ್ತದೆ, ಒಂದು ಮಳೆಗಾಲಕ್ಕೆ ಕೂತುಬಿಡುತ್ತದೆ. ಅವರು ತಣ್ಣಗೆ ಬಡಿದು ಪಟ್ಟಿಗೆ ಬಾಗು ತರುವವರು. ಬಿರುಕು ಬಿಟ್ಟ ಮೇಯ್ನ್ ಪಟ್ಟಿ ಹೊಸದು, ಉಳಿದವನ್ನು ಬಡಿದು ಕಂಪನಿಯ ಬಾಗಿಗೆ ತಂದು, ನಡುವೆ ಗ್ರೀಸ್ ಹಾಕಿ ಕಟ್ಟುವುದಕ್ಕೆ 7,500 ಹೇಳಿದರು. ಜಾಸ್ತಿ ಭಾರಕ್ಕೆ ಅಂತ ಪಟ್ಟಿ ಸೇರಿಸುವುದನ್ನು ಬೇಡ ಅಂದೆ. ಮೂಟೆ ಹೇರುವುದು ವರ್ಷದಲ್ಲಿ ಕೆಲವು ಸಲ. ಅಪ್ಪ ಕೂರುವುದು ಖಾಲಿ ಗಾಡಿಯಲ್ಲಿ.

ಕಾನೂನನ್ನೂ ಅದೇ ಪುಟದಲ್ಲಿ ಬರೆದೆವು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಹೋದದ್ದೇ ನಮ್ಮ ಕೇರಳದಿಂದ. ಕೆಎಲ್ 14, ಅಂದರೆ ಕಾಸರಗೋಡು ನಂಬರಿನ ಗಾಡಿ ಗಡಿಯ ಸಾರಡ್ಕ ದಾಟಿ ಕರ್ನಾಟಕಕ್ಕೆ ಹೋದರೂ ಕಾನೂನು ಅದೇ. 2027ಕ್ಕೆ ನಮ್ಮ ಗಾಡಿಗೆ ಹದಿನೈದು ವರ್ಷ, ಆಗ ನೋಂದಣಿ ನವೀಕರಣಕ್ಕೆ ತೋರಿಸಬೇಕು. ಬಾಡಿ ಕತ್ತರಿಸುವುದು, ಹೊರಗೆ ಚಾಚುವ ಚಕ್ರ, ಕಬ್ಬಿಣದ ಬಂಪರ್ ಎಲ್ಲವೂ ಲೆಕ್ಕದಿಂದ ಹೊರಗೆ. ಟಯರಿನ ಅಳತೆಯನ್ನೂ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೆ ಬರೆದು ತಿಳಿಸಿದ ಮೇಲೆಯೇ ಮುಂಗಡ ಕೊಟ್ಟೆ. ನೀವೂ ಹಾಗೇ ಮಾಡಿ. ಅಪಘಾತವಾದ ಮೇಲೆ ಕ್ಲೇಮ್ ನಿಂತರೆ ಉಳಿಸಿದ ಹಣಕ್ಕೆ ಅರ್ಥವಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಕೂಡಿಸಿದೆವು. ಐದು ಟಯರ್, ಒಂದಕ್ಕೆ 7,200ರಂತೆ 36,000. ಸ್ಟೆಪ್ನಿ ಹಳೆಯದೇ ಇರಲಿ ಅಂದರು ಭಾವ. ಎತ್ತರ ಬೇರೆ ಬೇರೆ ಇರುವ ಚಕ್ರ ಹಾಕಿ ಫೋರ್ ವೀಲ್ ಹಾಕಿದರೆ ಮುಂದೆ ಹಿಂದೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ತಿರುಚಿಕೊಳ್ಳುತ್ತದೆ, ಹಾಗಾಗಿ ಐದೂ ಒಂದೇ ಆಗಬೇಕು. ಗ್ಯಾಸ್ ಶಾಕ್ ನಾಲ್ಕಕ್ಕೆ 13,600. ಬುಷ್, ಪಿನ್ನು, ಶ್ಯಾಕಲ್ 4,800. ಪಟ್ಟಿ 7,500. ಕೂಲಿ 5,000. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಮತ್ತು ಮೀಟರ್ 4,200. ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ 1,400. ಗಟ್ಟಿ ಆಕ್ಸಲಿನಲ್ಲಿ ಹೊಂದಿಸಲಿಕ್ಕೆ ಇರುವುದು ಟೋ (ಚಕ್ರದ ಮುಂತುದಿ ಒಳಗೋ ಹೊರಗೋ ಅನ್ನುವುದು) ಒಂದೇ, ಕ್ಯಾಂಬರಿಗೆ (ಚಕ್ರದ ವಾಲಿಕೆಗೆ) ಬೇರೆ ಬಿಲ್ ಹಾಕಿದರೆ ಯಾಕೆ ಅಂತ ಕೇಳಿ.

ಕೊನೆಯ ಸಾಲಿನಲ್ಲಿ ಬರೀ 500 ರೂಪಾಯಿ, ಆಕ್ಸಲಿನೊಳಗೆ ಗಾಳಿ ಆಡುವ ಬ್ರೀದರ್ ಪೈಪಿಗೆ. ಓಡಿ ಬಿಸಿಯಾದ ಆಕ್ಸಲ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಅದು ಬ್ರೀದರಿನಿಂದ, ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುವುದು ಹಾಗೆ. ಒಂದು ರಬ್ಬರ್ ನಳಿಗೆಯನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿದರೆ ಆ ತೊಂದರೆ ಕಡಿಮೆಯಾಗುತ್ತದೆ. ಮೆಕ್ಯಾನಿಕ್ ಹೇಳಿದ್ದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಮಾತು ಇದೇ.

ಒಟ್ಟು 73,000. ಉಳಿದ 7,000ವನ್ನು ಮುಟ್ಟಬಾರದು ಅಂತ ಬರೆದು ಅಡಿಗೆರೆ ಎಳೆದೆ. ಬಿಚ್ಚಿದ ಮೇಲೆ ಏನಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿತು ಕೂಡ, ಹಿಂದಿನ ಬ್ರೇಕಿನ ವೀಲ್ ಸಿಲಿಂಡರ್ ಒಂದು ಸೋರುತ್ತಿತ್ತು. 2,300 ಅದಕ್ಕೆ ಹೋಯಿತು.

ಟಯರ್ ಅಂಗಡಿಯಲ್ಲಿ ಬದಿಯ ನಾಲ್ಕು ಅಂಕಿ ನೋಡಿಯೇ ಇಳಿಸಿಕೊಂಡೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಎರಡು ವರ್ಷ ಹಳೆಯದೊಂದನ್ನು ವಾಪಸ್ ಕಳಿಸಿದೆ, ಅವರು ಮಾತಿಲ್ಲದೆ ಬದಲಾಯಿಸಿದರು. ಮೇ ಕೊನೆಯೊಳಗೆ ಕೆಲಸ ಮುಗಿಯಿತು. ಈಗ ಡಾಮರಿನಲ್ಲಿ 26 ಪಿಎಸ್‌ಐ ಗಾಳಿ ಇಡುತ್ತೇನೆ. ಮಳೆ ಜೋರಿದ್ದ ದಿನ ಕಾಂಕ್ರೀಟ್ ಮುಗಿಯುವಲ್ಲಿ ಇಳಿದು 18ಕ್ಕೆ ತರುತ್ತೇನೆ. ಟಯರ್ ಕಲ್ಲಿನ ಮೇಲೆ ಹರಡಿ ಹಿಡಿಯುತ್ತದೆ, ಫಸ್ಟ್ ಗೇರಿನಲ್ಲಿ ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲ ಕೊಡುವ ಗೇರ್) ಹಾಕಿದರೆ ಆಕ್ಸಿಲರೇಟರ್ ಹೆಚ್ಚು ಒತ್ತದೆಯೇ ಹತ್ತುತ್ತದೆ. ಆ ಉಂಡೆ ಒಂದೇ ಒಂದು ಮೆಟ್ಟಿಲಿನಲ್ಲಿ ಇನ್ನೂ ತಾಗುತ್ತದೆ. ಅದಕ್ಕೆ ಗಾಡಿಯಲ್ಲಿ ಮದ್ದಿಲ್ಲ, ಬೇಸಗೆಯಲ್ಲಿ ಪಿಕ್ಕಾಸು ಹಿಡಿದು ಕಲ್ಲು ಕಡಿಯಬೇಕು. ಮಂಗಳೂರಿಗೆ ಹೋಗಿ ಬಂದ ದಿನ ಅಪ್ಪ ಸಂಜೆ ತೋಟಕ್ಕೆ ಇಳಿಯುತ್ತಾರೆ, ಮೊದಲು ಮಲಗಿಬಿಡುತ್ತಿದ್ದರು. ಕಿಂಗ್‌ಪಿನ್ ಬೇರಿಂಗ್ ಬಾಕಿ ಉಂಟು. ಅದು ಮುಂದಿನ ಅಡಕೆಗೆ.