ಎಸಿ ಇದೆಯಲ್ಲ, ಇನ್ನು ಗಾಳಿ ಯಾಕೆ?

ಧಾರವಾಡದ ಹೊರವಲಯದ ಒಂದು ಗುಮ್ಮಟದ ಮನೆಗೆ ಹೊರಗಾಳಿಯ ವ್ಯವಸ್ಥೆ ಮಾಡುವ ಕೆಲಸ ನಮಗೆ ಬಂದಿತ್ತು. ಇಂಥ ಮನೆಯಲ್ಲಿ ಗೋಡೆ, ಚಾವಣಿ ಎಲ್ಲವೂ ಒಂದೇ ಕಾಂಕ್ರೀಟ್ ಚಿಪ್ಪು, ಅದರ ಹೊರಗೆ ಫೋಮ್. ಹಳೆಯ ಮಾಳಿಗೆ ಮನೆಗಳಿಗಿದ್ದ ಬೆಳಕಿಂಡಿ ಇಲ್ಲ, ಸಂದುಗೊಂದು ಇಲ್ಲ. ಕಿಟಕಿ ಮುಚ್ಚಿ ಮಲಗಿದರೆ ಬೆಳಿಗ್ಗೆ ತಲೆಭಾರ. ನಿನ್ನೆಯ ಒಗ್ಗರಣೆಯ ವಾಸನೆ ಇಂದೂ ಹಾಗೆಯೇ.

"ಎರಡು ಎಸಿ ಹಾಕಿಸಿದ್ದೇನಲ್ಲ ಸರ್, ಇನ್ನು ಗಾಳಿ ಯಾಕೆ?" ಎಂದರು ಯಜಮಾನರು. ಎಲ್ಲರೂ ಕೇಳುವ ಪ್ರಶ್ನೆಯೇ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಕೋಣೆಯಲ್ಲಿರುವುದನ್ನೇ ತಂಪು ಮಾಡಿ ತಿರುಗಿಸುತ್ತದೆ. ಹೊರಗೆ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಇರುವ ಇಂಗಾಲದ ಡೈಆಕ್ಸೈಡ್, ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಸಾವಿರ ದಾಟುವುದು ಸಾಮಾನ್ಯ. ತೇವದ ಲೆಕ್ಕವನ್ನಂತೂ ಯಾರೂ ಹಾಕುವುದಿಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಇಪ್ಪತ್ತು ಲೀಟರಿಗೂ ಹೆಚ್ಚು ನೀರು ಮನೆಯ ಗಾಳಿಗೆ ಸೇರಿರುತ್ತದೆ.

ಮಾತು ಸಾಕೆಂದು ಅಡುಗೆಮನೆಯ ಹೊಗೆ ಎಳೆಯುವ ಚಿಮಣಿಯ ಫ್ಯಾನ್ ಹಾಕಿ, ಅದರ ಜಾಲರಿಗೆ ಟಿಶ್ಯೂ ಕಾಗದ ಹಿಡಿದೆ. ಸದ್ದು ಜೋರಾಗಿತ್ತು, ಕಾಗದ ಮಾತ್ರ ಜಾರಿ ಒಲೆಯ ಮೇಲೆ ಬಿತ್ತು. ಯಜಮಾನರ ಪತ್ನಿ ಕಿಟಕಿಯನ್ನು ಎರಡು ಬೆರಳಷ್ಟು ಸರಿಸಿದರು. ಈ ಸಲ ಟಪ್ಪನೆ ಅಂಟಿತು. "ಬರುವುದಕ್ಕೆ ದಾರಿಯಿಲ್ಲದಿದ್ದರೆ ಹೋಗುವುದಾದರೂ ಎಲ್ಲಿಂದ?" ಎಂದರು. ನನ್ನ ಅರ್ಧ ಗಂಟೆಯ ವಿವರಣೆ ಉಳಿಯಿತು.

ಎಷ್ಟು ಗಾಳಿ ಬೇಕು ಎಂಬುದಕ್ಕೆ ನಾವು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ 62.2 ಮಾನದಂಡವನ್ನು ಅನುಸರಿಸುತ್ತೇವೆ. 1,500 ಚದರ ಅಡಿ, ಮೂರು ಮಲಗುವ ಕೋಣೆಗಳ ಮನೆಗೆ ನಿಮಿಷಕ್ಕೆ 75 ಘನ ಅಡಿ. ಅಷ್ಟಕ್ಕೆ ಸಣ್ಣ ಫ್ಯಾನುಗಳೇ ಸಾಕು: ಫಿಲ್ಟರ್ ಮೂಲಕ ಕೋಣೆಗಳಿಗೆ ಗಾಳಿ ತರಲು ಒಂದು, ಬಚ್ಚಲಿನಿಂದ ಹೊರಹಾಕಲು ಇನ್ನೊಂದು. ತರುವುದು ತುಸು ಹೆಚ್ಚಿರಲಿ. ಆಗ ಧೂಳು ಬಾಗಿಲ ಸಂದಿಯಿಂದ ನುಗ್ಗುವುದಿಲ್ಲ. ಒಳಬರುವ ಮತ್ತು ಹೊರಹೋಗುವ ಗಾಳಿಯ ನಡುವೆ ಶಾಖವನ್ನೂ ತೇವವನ್ನೂ ಅದಲುಬದಲು ಮಾಡುವ ದುಬಾರಿ ಯಂತ್ರವನ್ನು ಕೆಲವರು ಹೊಗಳುತ್ತಾರೆ. ವರ್ಷದ ಬಹುಪಾಲು ಹಿತವಾಗಿರುವ ಧಾರವಾಡದ ಹವೆಗೆ ಅದು ದಂಡ ಎಂಬುದು ನನ್ನ ಅಭಿಪ್ರಾಯ.

ನಿಜವಾದ ತಲೆನೋವು ಗಾಳಿಯ ಪೈಪಿಗಾಗಿ ಚಿಪ್ಪಿನಲ್ಲಿ ತೂತು ಕೊರೆಯುವುದು. ಅರ್ಧಗೋಳದ ಗುಮ್ಮಟದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗಿಳಿದರೆ ಕಾಂಕ್ರೀಟಿನೊಳಗೆ ಬಳೆಯಂತೆ ಸುತ್ತುವರಿದ ಕಬ್ಬಿಣದ ಸರಳುಗಳು ಎಳೆತದಲ್ಲಿರುತ್ತವೆ. ಅಲ್ಲಿ ಸರಳು ಕತ್ತರಿಸುವುದೆಂದರೆ ಪೀಪಾಯಿಯ ಕಬ್ಬಿಣದ ಪಟ್ಟಿ ಕತ್ತರಿಸಿದಂತೆ. ಹಾಗಾಗಿ ಯಂತ್ರದಿಂದ ಸರಳಿನ ಜಾಗ ಪತ್ತೆ ಮಾಡಿ, ಸೀಮೆಸುಣ್ಣದಿಂದ ಗೆರೆ ಎಳೆದು, ಎರಡು ಸರಳುಗಳ ನಡುವೆಯೇ ಆರು ಇಂಚಿನ ಕೋರ್ ಕಟಿಂಗ್ ಮಾಡಿದೆವು, ಅಂದರೆ ಯಂತ್ರದಿಂದ ದುಂಡನೆಯ ತೂತು ಕೊರೆದೆವು. ಮಳೆನೀರು ಒಳಗೆ ಬಾರದಂತೆ ಪೈಪನ್ನು ಹೊರಕ್ಕೆ ಓರೆಯಾಗಿಟ್ಟು, ಬಾಯಿಗೆ ಜಾಲರಿ ಹಾಕಿದೆವು.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು. ಮುಚ್ಚಿದ ಕೋಣೆಯಲ್ಲಿ ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆಯೇ ಜೀವ ತೆಗೆಯಬಲ್ಲದು. "ಕಿಟಕಿ ತೆರೆದಿಟ್ಟರೆ ಸಾಲದೇ?" ಎಂದು ಯಜಮಾನರು ಚೌಕಾಸಿ ಮಾಡಿದರು. ಒಪ್ಪಲಿಲ್ಲ. ಗೀಸರನ್ನು ಹೊರಗೋಡೆಗೆ ಸಾಗಿಸಿದ ಮೇಲೆಯೇ ಫ್ಯಾನುಗಳಿಗೆ ವೈರ್ ಜೋಡಿಸಿದೆವು.