ಎರೆ ಮಣ್ಣು, ಹುಣಸೆ ಬೀಜ ಮತ್ತು ನಮ್ಮ ಡ್ರಿಲ್ ಸರ್

ಡ್ರಿಲ್ ಸರ್ ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಬ್ಯಾಂಕಿನ ಕೌಂಟರಿನಲ್ಲಿದ್ದೆ. ಎದುರಿಗೆ ಅಜ್ಜ ಒಬ್ಬರು ಪಾಸ್‌ಬುಕ್ ಹಿಡಿದು ನಿಂತಿದ್ದರು. ಅವರ ಒಂದೇ ಪುಟದ ಮೇಲೆ ಎರಡು ಸಲ ಪ್ರಿಂಟ್ ಹೊಡೆದುಬಿಟ್ಟೆ. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ, ಬರೆದರೆ ಸರ್ ಬಗ್ಗೆಯೇ ಅಂದುಕೊಂಡೆ. ಆದರೆ ಸರ್ ಬಗ್ಗೆ ಬರೆಯಬೇಕೆಂದರೆ ಹಾಲೆಂಡಿನ ಮರಿಯಾನ ವೋಸ್ ಎಂಬ ಸೈಕಲ್ ಓಟಗಾರ್ತಿಯ ಬಗ್ಗೆಯೂ ಬರೆಯಬೇಕು. ಅವರಿಬ್ಬರನ್ನು ಬಿಡಿಸುವುದು ನನ್ನಿಂದಾಗದ ಕೆಲಸ.

ನಾವು ಎಂಟನೇ ತರಗತಿಗೆ ಬಂದದ್ದು 2006ರಲ್ಲಿ, ಸರ್ಕಾರ ಎಂಟನೆಯವರಿಗೆ ಸೈಕಲ್ ಕೊಡಲು ಶುರು ಮಾಡಿದ ವರ್ಷ. ಆಗಿನ್ನೂ ನಮ್ಮ ಜಿಲ್ಲೆ ಬಿಜಾಪುರ. ನಮ್ಮ ಕಡೆ ಜಾತ್ರೆಯಲ್ಲಿ ಸೈಕಲ್ ಓಟ ಇಡುತ್ತಾರೆ, ಆದರೆ ಅದು ಗಂಡಸರಿಗೆ. ಹುಡುಗಿಯರಿಗೆ ಸೈಕಲ್ ಅಂದರೆ ಮನೆಯಿಂದ ಶಾಲೆ, ಶಾಲೆಯಿಂದ ಮನೆ, ಅಷ್ಟೇ.

ಮರುವರ್ಷ ಮಳೆಗಾಲದ ಒಂದು ಶನಿವಾರ. ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು. ನಾವು ಐದು ಜನ ಹುಡುಗಿಯರು ಕೆರೆಯಂಗಳದಲ್ಲಿ ರೇಸ್ ಇಟ್ಟುಕೊಂಡೆವು. ಸೈಕಲ್ ಇದ್ದದ್ದು ನಾಲ್ಕೇ. ಐದನೆಯವಳಿಗಾಗಿ ಬೇವಿನ ಮರಕ್ಕೆ ಒರಗಿಸಿದ್ದ ಡ್ರಿಲ್ ಸರ್ ಸೈಕಲ್ಲನ್ನೇ ಎತ್ತಿಕೊಂಡು ಹೋದೆವು. ಎತ್ತಿದವಳು ನಾನೇ, ಈಗ ಒಪ್ಪಿಕೊಂಡರೆ ತಪ್ಪಿಲ್ಲ ಅಲ್ವಾ? ಎರೆ ಮಣ್ಣಿನ ಗುಣ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ನೂರು ಮಾರು ಹೋಗುವಷ್ಟರಲ್ಲಿ ಟೈರಿಗೂ ಮಡ್ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು, ಗಾಲಿ ಒಂದು ಸುತ್ತೂ ತಿರುಗದ ಹಾಗೆ ಕಚ್ಚಿ ನಿಂತಿತು. ತಳ್ಳಿದರೆ ಬರಲಿಲ್ಲ, ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಕೊನೆಗೆ ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದ ಕೆಸರಲ್ಲಿ ಬಿದ್ದು ಎದ್ದು ದಂಡೆಗೆ ಬಂದರೆ ಅಲ್ಲಿ ಸರ್ ಕೈಕಟ್ಟಿ ನಿಂತಿದ್ದರು.

ಹೊಡೆಯಲಿಲ್ಲ. ಜಾಲಿ ಕಡ್ಡಿ ಕೊಟ್ಟು ಐದೂ ಸೈಕಲ್ಲಿನ ಮಣ್ಣು ಕೆರೆಸಿದರು, ಕತ್ತಲಾಗುವವರೆಗೆ. ಮಣ್ಣೆಲ್ಲ ಹೋದ ಮೇಲೆ ಅವರಾಡಿದ್ದು ಒಂದೇ ಮಾತು: "ಮುಂದಿನ ಸರ್ತಿ ಮಡ್ಗಾರ್ಡ್ ಬಿಚ್ಚಿ ಹೋಗ್ರಿ."

ಸೋಮವಾರ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ತಂದರು. ಅದರಲ್ಲಿ ಕೆಸರು ಮೆತ್ತಿದ ಮುಖದ ಹುಡುಗಿಯೊಬ್ಬಳು ಸೈಕಲ್ ಹೆಗಲ ಮೇಲೆ ಹೊತ್ತು ಓಡುತ್ತಿದ್ದಳು, ಥೇಟ್ ನಮ್ಮ ಹಾಗೆ. "ಇದಕ್ಕ ಸೈಕ್ಲೋಕ್ರಾಸ್ ಅಂತಾರ. ನೀವು ಮಾಡಿದ್ದ ಕಿಡಿಗೇಡಿತನಕ್ಕ ಅಲ್ಲಿ ಪದಕ ಕೊಡ್ತಾರ ನೋಡ್ರಿ." ಆಕೆಯೇ ವೋಸ್. 2006ರ ಜನವರಿಯಲ್ಲಿ ತನ್ನದೇ ದೇಶದ ಜೆಡ್ಡಾಮ್‌ನಲ್ಲಿ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆದಾಗ ವಯಸ್ಸು 18. ಅದೇ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ರಸ್ತೆ ಓಟದ ವಿಶ್ವ ಚಾಂಪಿಯನ್. ಕೆಸರಿನವಳು ಡಾಂಬರಿನ ಮೇಲೂ ಗೆದ್ದಳು ಅನ್ನೋದು ಸರ್‌ಗೆ ಭಾರೀ ಖುಷಿ. ಆವತ್ತಿನಿಂದ ಆಕೆ ಅವರ ಬಾಯಲ್ಲಿ ಮರಿಯವ್ವ.

ಹತ್ತನೇ ತರಗತಿಯಲ್ಲಿ ಏನು ಓದಿದೆ ಎಂದು ಕೇಳಬೇಡಿ. ಸೈನ್ ಥೀಟಾ ಎಲ್ಲ ಹೋಯಿತು. ನೆನಪಿರುವುದು ಹುಣಸೆ ಬೀಜ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಮರಿಯವ್ವ ರಸ್ತೆ ಓಟದಲ್ಲಿ ಆರನೆಯವಳಾಗಿ, ಒಂದು ವಾರದ ಮೇಲೆ ಟ್ರ್ಯಾಕ್‌ಗೆ ಇಳಿದು ಪಾಯಿಂಟ್ಸ್ ರೇಸಿನಲ್ಲಿ ಚಿನ್ನ ಗೆದ್ದಳು. 250 ಮೀಟರಿನ ಟ್ರ್ಯಾಕ್, 100 ಸುತ್ತು. ಹತ್ತು ಸುತ್ತಿಗೊಮ್ಮೆ ಮೊದಲ ನಾಲ್ವರಿಗೆ 5, 3, 2, 1 ಅಂಕ. ಎಲ್ಲರಿಗಿಂತ ಒಂದು ಸುತ್ತು ಮುಂದೆ ಹೋದರೆ ಒಟ್ಟಿಗೆ 20. ಆಕೆ ಅದನ್ನೂ ಮಾಡಿದಳು. ಸರ್ ನಮ್ಮ ಮೈದಾನಕ್ಕೆ ಸುಣ್ಣದ ಗೆರೆ ಎಳೆದು, ಎರಡು ಸುತ್ತಿಗೊಮ್ಮೆ ಸೀಟಿ ಊದಿ, ಅಂಕದ ಬದಲು ಹುಣಸೆ ಬೀಜ ಕೈಗೆ ಹಾಕುತ್ತಿದ್ದರು. ಓಡುತ್ತಿರುವ ಸೈಕಲ್ಲಿನ ಮೇಲೇ ಇಸಿದುಕೊಳ್ಳಬೇಕು, ಬಿದ್ದರೆ ಲೆಕ್ಕಕ್ಕಿಲ್ಲ. ಒಂದು ಸಂಜೆ ನನ್ನ ಲಂಗದ ಜೇಬಿನಲ್ಲಿ 31 ಬೀಜ ಇದ್ದವು. ಆ ದಾಖಲೆಯನ್ನು ಯಾರಾದರೂ ಮುರಿದಿದ್ದರೆ ದಯವಿಟ್ಟು ನನಗೆ ತಿಳಿಸಬೇಡಿ. ಆ ವರ್ಷ ವಿಭಾಗ ಮಟ್ಟದಲ್ಲಿ ಮೂರನೆಯವಳಾಗಿ ಬಂದೆ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಸಂಚಿಕೆ ಸಂಪಾದಕರು ಅಳಿಸದಿದ್ದರೆ.

ಸೈಕಲ್ ಅಲ್ಲಿಗೇ ನಿಂತಿತು. ಡಿಗ್ರಿ ಮುಗಿಸಿ 2015ರ ಹೊತ್ತಿಗೆ ಬ್ಯಾಂಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮನೆಯಲ್ಲಿ ಕೂತಿದ್ದೆ. ಸರ್ ಫೋನ್ ಮಾಡಿದರು. "ಮರಿಯವ್ವ 2007ರಿಂದ 2011ರ ತನಕ ವರ್ಲ್ಡ್ ಚಾಂಪಿಯನ್‌ಶಿಪ್ ರೋಡ್ ರೇಸ್‌ನ್ಯಾಗ ಸಾಲಾಗಿ ಐದು ಬೆಳ್ಳಿ ತಗೊಂಡಾಳ. ಐದೂ ಸಲ ಎರಡನೇದಾಕಿ! ಆಮ್ಯಾಲ 2012ರಾಗ ಲಂಡನ್ ಮಳ್ಯಾಗ ಒಲಿಂಪಿಕ್ ಚಿನ್ನ, ಅದ ವರ್ಷ ವರ್ಲ್ಡ್ ಚಾಂಪಿಯನ್ನೂ. ನೀ ಎರಡಕ್ಕ ಅಳಾಕ ಹತ್ತೀಯೇನು?" ಸ್ವಲ್ಪ ಸುಮ್ಮನಿದ್ದು, "ಈ ವರ್ಷ ಆಕೀನೂ ಗಾಯ ಆಗಿ ಮನ್ಯಾಗ ಕುಂತಾಳ. ಇಬ್ರೂ ಏಳ್ರಿ" ಅಂದರು.

ಈಗ ನನ್ನ ಅಕ್ಕನ ಮಗಳು ಆರನೇ ತರಗತಿ. ಅವಳ ಶಾಲೆಯಲ್ಲಿ ಆಟದ ಪೀರಿಯಡ್ ಗಣಿತದವರು ತೆಗೆದುಕೊಳ್ಳುತ್ತಾರಂತೆ. ಇಷ್ಟು ಸಾಲದು ಅಂತ ಒಂದೇ ಆಟ ಆರಿಸಿಕೊಳ್ಳಿ ಎಂದು ಫಾರ್ಮ್ ಬೇರೆ ಕಳಿಸಿದ್ದಾರೆ. ಹನ್ನೊಂದು ವರ್ಷದ ಮಗುವಿಗೆ! ವೋಸ್‌ಗೂ ಯಾರಾದರೂ ಇಂಥ ಫಾರ್ಮ್ ಕೊಟ್ಟಿದ್ದರೆ ಏನಾಗುತ್ತಿತ್ತೋ. ಸೈಕ್ಲೋಕ್ರಾಸಿನಲ್ಲಿ ಎಂಟು, ರಸ್ತೆಯಲ್ಲಿ ಮೂರು, ಟ್ರ್ಯಾಕಿನಲ್ಲಿ ಎರಡು ವಿಶ್ವ ಪ್ರಶಸ್ತಿ. ಮೌಂಟನ್ ಬೈಕನ್ನೂ ಬಿಡಲಿಲ್ಲ. 2024ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್‌ನಲ್ಲಿ, ಜಲ್ಲಿ ರಸ್ತೆಯ ಗ್ರಾವೆಲ್ ಓಟದಲ್ಲೂ ವಿಶ್ವ ಚಾಂಪಿಯನ್ ಆದಳು. ಅದೂ ಬೆಲ್ಜಿಯಮ್ಮಿನವಳೇ ಆದ ಓಟಗಾರ್ತಿ ಲೊಟ್ಟೆ ಕೊಪೆಕಿಯನ್ನು ಅವಳ ದೇಶದಲ್ಲೇ ಸೋಲಿಸಿ.

ಸರ್ ಜೊತೆ ಕೊನೆಯ ದೊಡ್ಡ ಮಾತುಕತೆ 2025ರ ಜುಲೈನಲ್ಲಿ. ಹಲವು ದಿನ ನಡೆಯುವ ಸೈಕಲ್ ಓಟವಾದ ಮಹಿಳೆಯರ ಟೂರ್ ದ ಫ್ರಾನ್ಸ್‌ನ ಮೊದಲ ದಿನ, ಪ್ಲುಮೆಲೆಕ್‌ನ ಏರಿನಲ್ಲಿ, ಮುಂದೆ ಹೋಗುತ್ತಿದ್ದ ತನ್ನದೇ ತಂಡದ ಪೋಲಿನ್ ಫೆರಾನ್ ಪ್ರೆವೋಳನ್ನು ಗೆರೆಯ ಹತ್ತಿರ ದಾಟಿ, 38 ವರ್ಷದ ವೋಸ್, ಒಟ್ಟು ಓಟದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ಹಾಕಿಕೊಂಡಳು. ನಾವಿಬ್ಬರೂ ಅರ್ಧ ಗಂಟೆ ಜಗಳ ಆಡಿದೆವು. ತಂಡದವಳನ್ನೇ ಹಿಂದೆ ಹಾಕುವುದು ಸರಿಯಲ್ಲ ಅಂತ ನಾನು, ಗೆರೆ ಕಂಡ ಮೇಲೆ ಯಾರು ಯಾರ ತಂಡ ಅಂತ ಅವರು. ಕೊನೆಗೆ ಆ ಟೂರ್ ಗೆದ್ದದ್ದು ಪ್ರೆವೋ. ಮತ್ತೆ ಫೋನ್ ಮಾಡಿ "ನೋಡಿದ್ರಾ ಸರ್" ಅನ್ನಬೇಕಿತ್ತು. ಇವತ್ತು ನಾಳೆ ಅಂತ ಮಾಡಲೇ ಇಲ್ಲ.

ಹನ್ನೊಂದನೇ ದಿನ ಅವರ ಮನೆಗೆ ಹೋಗಿದ್ದೆವು, ಆವತ್ತಿನ ಐವರಲ್ಲಿ ನಾಲ್ವರು. ಅಮ್ಮಾವರು ಒಬ್ಬೊಬ್ಬರ ಹೆಸರು, ಊರು ಕೇಳಿ ಚಹಾ ಕೊಟ್ಟರು. ಹೊರಡುವಾಗ ಬಾಗಿಲ ತನಕ ಬಂದು ನನ್ನ ಕೈ ಹಿಡಿದುಕೊಂಡು ಕೇಳಿದರು:

"ದಿನಾ ಆಕೀದ ಮಾತು ಆಡ್ತಿದ್ರವ್ವಾ. ನಿಮ್ಮ ಕೂಡ ಕಲಿತಾಕಿ ಮರಿಯವ್ವಗ ಯಾರೂ ಸುದ್ದಿ ಮುಟ್ಟಿಸಿಲ್ಲೇನು?"